ವರ್ಷ ಕಳೆದಂತೆ ಮನಸ್ಸು ಮರಗಟ್ಟುತ್ತದಾ? ಮಕ್ಕಳ ರಕ್ಷಣೆ, ಸಮಾಜ ಕಾರ್ಯದಲ್ಲಿರುವವರಿಗೆ ಒಂದು ಪ್ರಶ್ನೆ

ನಡುಹಗಲು (ಚರ್ಚೆ ಶುರು ಮಾಡಿದವರು)

ಮಕ್ಕಳ ರಕ್ಷಣೆಯ ಕೆಲಸದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಮೊದಲು ಫೀಲ್ಡ್‌ನಲ್ಲಿದ್ದೆ. ಈಗ ಒಂದು ಟೀಮಿನ ಸೂಪರ್‌ವೈಸರ್. ಬೇರೆಯವರು ಮನೆಗಳಿಗೆ ಹೋಗಿ ಬಂದು ಬರೆದ ರಿಪೋರ್ಟ್‌ಗಳನ್ನು ಓದಿ ಸಹಿ ಹಾಕುವುದು ನನ್ನ ಕೆಲಸ.

ಶುರುವಿನಲ್ಲಿ ಎಲ್ಲದಕ್ಕೂ ಅಳು ಬರುತ್ತಿತ್ತು. ರಾತ್ರಿ ಎದ್ದು ಕೂರುತ್ತಿದ್ದೆ, "ಆ ಮಗುವನ್ನು ಆ ಮನೆಯಲ್ಲೇ ಬಿಟ್ಟು ಬಂದೆನಲ್ಲಾ" ಅಂತ. ನಡುವಿನ ವರ್ಷಗಳಲ್ಲಿ ಬರೀ ಸಿಟ್ಟು. ಅಪ್ಪ ಅಮ್ಮಂದಿರ ಮೇಲೆ, ಕೋರ್ಟಿನ ಮೇಲೆ, ನಮ್ಮದೇ ಆಫೀಸಿನ ಮೇಲೆ. ಈಗ ಎರಡೂ ಇಲ್ಲ. ಮಗುವಿನ ಮೈಮೇಲಿನ ಗಾಯಗಳ ವಿವರ ಓದುತ್ತಾ ವಾಕ್ಯದ ತಪ್ಪು ತಿದ್ದುತ್ತೇನೆ, ದಿನಾಂಕ ಸರಿಯಿದೆಯಾ ನೋಡುತ್ತೇನೆ, ಮುಂದಿನ ಫೈಲು ತೆಗೆಯುತ್ತೇನೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು "ಮೇಡಂ, ನಿಮ್ಮ ಹಾಗೆ ಗಟ್ಟಿಯಾಗಲು ಎಷ್ಟು ವರ್ಷ ಬೇಕು?" ಎಂದು ಕೇಳಿದಳು. ಹೊಗಳಿಕೆಯಾಗಿಯೇ ಕೇಳಿದ್ದು. ನನಗೆ ಮಾತ್ರ ಕಸಿವಿಸಿಯಾಯಿತು.

ಇದು ಅನುಭವವಾ, ಕಾಯಿಲೆಯಾ? ಎಲ್ಲರಿಗೂ ಹೀಗೇ ಹಂತ ಹಂತವಾಗಿ ಬರುತ್ತದಾ? ದಯವಿಟ್ಟು "ಧ್ಯಾನ ಮಾಡಿ, ವಾಕಿಂಗ್ ಹೋಗಿ" ಅನ್ನುವ ಉತ್ತರ ಬೇಡ. ಎರಡನ್ನೂ ಮಾಡುತ್ತೇನೆ.

ಮೂರನೇ ಸಾಲು

ಗಟ್ಟಿಯಾಗದೆ ಈ ಕೆಲಸ ಮಾಡಲು ಆಗುವುದಿಲ್ಲ. ಸರ್ಜನ್ ಅಳುತ್ತಾ ನಿಂತರೆ ಆಪರೇಷನ್ ಯಾರು ಮಾಡುತ್ತಾರೆ? ನೀವು ಕೆಲಸ ಕಲಿತಿದ್ದೀರಿ, ಅಷ್ಟೇ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಬಿಟ್ಟು ಬಂದವಳು

ಸರ್ಜನ್ ಮುಂದೆ ಮಲಗಿದವರಿಗೆ ಪ್ರಜ್ಞೆ ಇರುವುದಿಲ್ಲ. ನಮ್ಮ ಮುಂದಿರುವ ಮಗು ನಮ್ಮ ಮುಖವನ್ನೇ ನೋಡುತ್ತಿರುತ್ತದೆ. ಏನು ಹೇಳಬಹುದು, ಏನು ಹೇಳಬಾರದು ಅನ್ನುವುದನ್ನು ಆ ಮುಖ ನೋಡಿಯೇ ತೀರ್ಮಾನಿಸುತ್ತದೆ. ನಿಮ್ಮ ಹೋಲಿಕೆ ಇಲ್ಲಿಗೆ ಹೊಂದುವುದಿಲ್ಲ ಸರ್.

ಮೂರನೇ ಸಾಲು

ಅತ್ತರೆ ಮಗು ಹೇಳುತ್ತದಾ ಹಾಗಾದರೆ?

ಬಿಟ್ಟು ಬಂದವಳು

ಅಳಿ ಅಂತ ಯಾರು ಹೇಳಿದರು?

ಪುಟ ತಿರುವು

ಸಮಾಜ ಕಾರ್ಯ ಪಾಠ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದವಾದರೆ ಕ್ಷಮಿಸಿ. ನಡುಹಗಲು ಅವರು ಹೇಳಿದ ಮೂರು ಸ್ಥಿತಿಗಳನ್ನು ನಾವು ಒಂದೇ ಬುಟ್ಟಿಗೆ ಹಾಕುತ್ತೇವೆ. ಅವು ಬೇರೆ ಬೇರೆ.

ಬರ್ನ್‌ಔಟ್ ಎನ್ನುವುದು ಕೆಲಸದ ಹೊರೆಯಿಂದ ನಿಧಾನವಾಗಿ ಬರುವಂಥದ್ದು. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಇದರ ಬಗ್ಗೆ ಬರೆದರು. ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ಹುಮ್ಮಸ್ಸಿನಿಂದ ದುಡಿಯುತ್ತಿದ್ದವರು ಬತ್ತಿಹೋಗುವುದನ್ನು ಅವರು ಕಣ್ಣಾರೆ ನೋಡಿದ್ದರು. ಆಮೇಲೆ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಇದನ್ನು ಅಳೆಯಲು ಒಂದು ಪ್ರಶ್ನಾವಳಿ ತಂದರು. ಅದರಲ್ಲಿ ಮೂರು ಭಾಗ: ಭಾವನೆಗಳು ಬರಿದಾಗುವುದು, ಎದುರಿಗಿರುವವರು ಮನುಷ್ಯರ ಬದಲು "ಕೇಸು" ಆಗಿ ಕಾಣುವುದು, ತಾನು ಮಾಡಿದ್ದರಿಂದ ಏನೂ ಪ್ರಯೋಜನವಿಲ್ಲ ಅನ್ನಿಸುವುದು.

ಎರಡನೆಯದು ಬೇರೆಯವರ ಆಘಾತ ನಮಗೆ ತಗಲುವುದು. ಕೆಟ್ಟ ಕನಸು, ಕಣ್ಣ ಮುಂದೆ ಬರುವ ಚಿತ್ರಗಳು, ಒಂದು ಬಗೆಯ ಮನೆಯನ್ನು ಕಂಡರೇ ಎದೆ ಹೊಡೆದುಕೊಳ್ಳುವುದು. ಇದಕ್ಕೆ ವರ್ಷಗಟ್ಟಲೆ ಬೇಕಿಲ್ಲ, ಒಂದೇ ಕೇಸು ಸಾಕು. ಚಾರ್ಲ್ಸ್ ಫಿಗ್ಲಿ 1995ರ ಹೊತ್ತಿಗೆ ಇದರ ಬಗ್ಗೆ ವಿವರವಾಗಿ ಬರೆದರು.

ಮೂರನೆಯದು ಜಗತ್ತಿನ ಬಗ್ಗೆ ಇರುವ ನಂಬಿಕೆಯೇ ಬದಲಾಗುವುದು. ಲೀಸಾ ಮೆಕ್ಯಾನ್ ಮತ್ತು ಲೋರಿ ಪರ್ಲ್‌ಮನ್ 1990ರಲ್ಲಿ ಹೇಳಿದ್ದು ಇದನ್ನು. ಯಾರನ್ನೂ ನಂಬಲಾಗದು, ಎಲ್ಲೂ ಸುರಕ್ಷಿತವಲ್ಲ ಅನ್ನುವ ಭಾವ ಮೆಲ್ಲಗೆ ಗಟ್ಟಿಯಾಗುತ್ತದೆ.

ನಡುಹಗಲು ಅವರ ಮೊದಲ ಹಂತ ಎರಡನೆಯದಕ್ಕೆ ಹತ್ತಿರ. ಈಗಿನದು ಬರ್ನ್‌ಔಟಿನ ಎರಡನೇ ಭಾಗದ ಹಾಗೆ ಕಾಣುತ್ತದೆ. ಸಿಟ್ಟಿಗೆ ಇನ್ನೊಂದು ಹೆಸರಿದೆ, ಅದನ್ನು ಆಮೇಲೆ ಬರೆಯುತ್ತೇನೆ. ಕ್ಲಾಸಿಗೆ ಹೊತ್ತಾಯಿತು.

ಚಿಕ್ಕ ಟಿಪ್ಪಣಿ

ಒಂದು ಸೇರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಬರ್ನ್‌ಔಟ್ ಇದೆ, ಆದರೆ ಕಾಯಿಲೆ ಅಂತಲ್ಲ. ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ. ನಮ್ಮ ಎಚ್‌ಆರ್ ಇದನ್ನೇ ಹಿಡಿದುಕೊಂಡು "ಕಾಯಿಲೆ ಅಲ್ಲವಲ್ಲ, ರಜೆ ಯಾಕೆ" ಎಂದು ಕೇಳಿತು. ನನಗೆ ಅದರಿಂದ ಅರ್ಥವಾದದ್ದು ತದ್ವಿರುದ್ಧ: ತೊಂದರೆ ಇರುವುದು ಕೆಲಸದ ಜಾಗದಲ್ಲಿ, ಅದನ್ನು ಸರಿಮಾಡಿ ಅಂತ.

ಸುಮ್ನೆ ಓದುಗ

ಹೊರಗಿನವನು, ಒಂದು ಅನುಮಾನ. ಬರೀ ಕೇಳಿದ್ದಕ್ಕೆ, ಓದಿದ್ದಕ್ಕೆ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಅಂದರೆ ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ. ಅದು ಯುದ್ಧ, ಅಪಘಾತ ಕಂಡವರಿಗೆ ಬರುವುದು ಅಲ್ವಾ?

ಲೆಕ್ಕದ ಹುಳ

ಇಲ್ಲ. ಅಮೆರಿಕದ ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಕೈಪಿಡಿ, 2013ರ ಡಿಎಸ್‌ಎಂ-5, ಇದನ್ನು ಸ್ಪಷ್ಟವಾಗಿ ಒಪ್ಪಿದೆ. ಕೆಲಸದ ಭಾಗವಾಗಿ ಭೀಕರ ಘಟನೆಗಳ ವಿವರಗಳಿಗೆ ಮತ್ತೆ ಮತ್ತೆ ಒಡ್ಡಿಕೊಳ್ಳುವುದೂ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ಕೊಟ್ಟಿರುವ ಉದಾಹರಣೆಯೇ ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳನ್ನು ಪದೇ ಪದೇ ಎದುರಿಸುವ ಪೊಲೀಸರದ್ದು. ಟಿವಿ, ವಿಡಿಯೋ ನೋಡಿದ್ದು ಲೆಕ್ಕಕ್ಕಿಲ್ಲ, ಕೆಲಸಕ್ಕಾಗಿ ನೋಡಿದ್ದು ಹೊರತು.

ಬ್ರಯಾನ್ ಬ್ರೈಡ್ ಎನ್ನುವವರು 2007ರಲ್ಲಿ ಅಮೆರಿಕದ ದಕ್ಷಿಣ ಭಾಗದ 282 ಸಮಾಜ ಕಾರ್ಯಕರ್ತರ ಸಮೀಕ್ಷೆ ಪ್ರಕಟಿಸಿದರು. ಸುಮಾರು ಶೇ 15ರಷ್ಟು ಮಂದಿಯಲ್ಲಿ ಪಿಟಿಎಸ್‌ಡಿಯ ಮಾನದಂಡ ಪೂರೈಸುವಷ್ಟು ಲಕ್ಷಣಗಳಿದ್ದವು. ಪ್ರಶ್ನಾವಳಿಯ ಉತ್ತರ ಅದು, ವೈದ್ಯರು ಪರೀಕ್ಷೆ ಮಾಡಿ ಹೇಳಿದ್ದಲ್ಲ. ಆದರೂ ಸಣ್ಣ ಸಂಖ್ಯೆಯಲ್ಲ.

ಸುಮ್ನೆ ಓದುಗ

ಸರಿ, ತಿಳಿಯಿತು. ಧನ್ಯವಾದ.

ಎರಡು ಮಕ್ಕಳ ತಾಯಿ

ಪುಟ ತಿರುವು ಅವರ ಮೂರನೆಯದು ನಾನೇ. ಬಸ್ಸಿನಲ್ಲಿ ಯಾವುದೋ ಮಗುವಿನ ತೋಳಿನ ಮೇಲೆ ಕಲೆ ಕಂಡರೆ ಅದು ಬಿದ್ದ ಗಾಯವಾ, ಹಿಡಿದ ಗುರುತಾ ಎಂದು ಕಣ್ಣು ತಾನಾಗಿಯೇ ಅಳೆಯುತ್ತದೆ. ಮೊಣಕಾಲು, ಮೊಣಕೈ, ಹಣೆ ಆದರೆ ಸರಿ, ಆಟದಲ್ಲಿ ಬಿದ್ದಿರುತ್ತದೆ. ಕಿವಿ, ಕುತ್ತಿಗೆ, ಹೊಟ್ಟೆ ಆದರೆ ಇಳಿಯುವ ನಿಲ್ದಾಣವೇ ಮರೆತುಹೋಗುತ್ತದೆ. ನನ್ನ ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ, ಇವತ್ತಿನವರೆಗೂ ಗೆಳತಿಯ ಮನೆಯಲ್ಲಿ ಒಂದು ರಾತ್ರಿ ಉಳಿದಿಲ್ಲ. ನಾನೇ ಬಿಟ್ಟಿಲ್ಲ. "ಅಮ್ಮಾ, ನಿನ್ನ ಕೆಲಸಕ್ಕೆ ನಾನ್ಯಾಕೆ ಶಿಕ್ಷೆ ಅನುಭವಿಸಬೇಕು?" ಅನ್ನುತ್ತಾಳೆ. ಉತ್ತರವಿಲ್ಲ ನನ್ನ ಹತ್ತಿರ.

ಮನೆಯ ಇನ್ನರ್ಧ

ನಾನು ಈ ಕೆಲಸದವನಲ್ಲ, ಹೆಂಡತಿ ಈ ಕೆಲಸದಲ್ಲಿದ್ದಾಳೆ. ಯಾರೂ ಹೇಳದ ಒಂದು ವಿಷಯ: ಗೌಪ್ಯತೆ. ಬೇರೆ ಕೆಲಸದವರು ಮನೆಗೆ ಬಂದು ಬಾಸ್‌ಗೆ ಬೈಯುತ್ತಾರೆ, ಹಗುರಾಗುತ್ತಾರೆ. ಇವಳು ಏನನ್ನೂ ಹೇಳುವಂತಿಲ್ಲ. ಬಂದವಳು ಸ್ನಾನದ ಮನೆಗೆ ಹೋಗಿ ಬಹಳ ಹೊತ್ತು ಹೊರಬರುವುದಿಲ್ಲ. ನಾನು ಕೇಳುವುದಿಲ್ಲ. ಮೊದಮೊದಲು ಜಗಳವಾಗುತ್ತಿತ್ತು, ನನ್ನಿಂದ ಏನೋ ಮುಚ್ಚಿಡುತ್ತಿದ್ದಾಳೆ ಅಂತ. ಈಗ ಒಂದು ಒಪ್ಪಂದವಿದೆ. ಹೆಸರು, ಊರು, ಘಟನೆ ಏನೂ ಬೇಡ, "ಇವತ್ತು ಕೆಟ್ಟದ್ದು" ಅಂದರೆ ಸಾಕು. ರಾತ್ರಿಯ ಕೆಲಸವೆಲ್ಲ ನನ್ನದು.

ಎರಡು ಮಕ್ಕಳ ತಾಯಿ

ಇದನ್ನು ನನ್ನ ಗಂಡನಿಗೆ ಕಳಿಸುತ್ತಿದ್ದೇನೆ.

ಹೊಸ ಬ್ಯಾಗು

ನಾನು ಸೇರಿ ಒಂದು ವರ್ಷವೂ ಆಗಿಲ್ಲ. ಎಲ್ಲರೂ ಮರಗಟ್ಟುವುದರ ಬಗ್ಗೆ ಬರೆಯುತ್ತಿದ್ದೀರಿ, ನನಗೆ ಮನೆ ಭೇಟಿಗೆ ಹೊರಡುವ ಮೊದಲೇ ಹೊಟ್ಟೆ ತೊಳಸುತ್ತದೆ. ಬಾಗಿಲು ತೆರೆಯುವವರು ಬೈಯುತ್ತಾರಾ, ಹೊಡೆಯುತ್ತಾರಾ ಗೊತ್ತಿರುವುದಿಲ್ಲ. ಅದಕ್ಕಿಂತ ಹೆದರಿಕೆ ಕೋರ್ಟಿನದು. ವಕೀಲರು ನಾನು ಬರೆದ ಒಂದೇ ಒಂದು ಪದ ಹಿಡಿದು ಎಲ್ಲರೆದುರು ಎಳೆದಾಡಿದರು. ಆಮೇಲೆ ಆ ತಾಯಿ ಹೊರಗೆ ಸಿಕ್ಕಿ "ನಿನಗೂ ಮಕ್ಕಳಾಗಲಿ, ಆಗ ಗೊತ್ತಾಗುತ್ತದೆ" ಎಂದಳು. ಓದುವಾಗ ಇದನ್ನೆಲ್ಲ ಯಾರೂ ಹೇಳಿಕೊಡಲಿಲ್ಲ. ವಿಡಿಯೋ, ಫೋಟೋ ನೋಡುವ ಕೇಸು ಬೇರೆ ಬಂದಿದೆ. ಏನಾದರೂ ಉಪಯೋಗದ ಮಾತು ಹೇಳಿ.

ಚಿಕ್ಕ ಟಿಪ್ಪಣಿ

ಫೋಟೋ, ವಿಡಿಯೋಗೆ: ದೊಡ್ಡ ಪರದೆಯಲ್ಲಿ ನೋಡಬೇಡಿ, ಚಿಕ್ಕದು ಮಾಡಿ. ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ. ಮೊದಲು ಸದ್ದಿಲ್ಲದೆ ನೋಡಿ, ಸದ್ದು ಬೇಕೇಬೇಕಾದರೆ ಮಾತ್ರ ಬೇರೆಯಾಗಿ ಕೇಳಿ. ಸದ್ದೇ ಹೆಚ್ಚು ಹಿಂಬಾಲಿಸುವುದು. ದಿನದ ಕೊನೆಗೆ ನೋಡಬೇಡಿ, ಮನೆಯಲ್ಲಂತೂ ಬೇಡವೇ ಬೇಡ. ಎಷ್ಟು ನೋಡಿದರೆ ಕೇಸಿಗೆ ಸಾಕು ಎಂದು ಮೊದಲೇ ಸೂಪರ್‌ವೈಸರ್ ಹತ್ತಿರ ತೀರ್ಮಾನಿಸಿಕೊಳ್ಳಿ. ಪೂರ್ತಿ ನೋಡಿದರೆ ಮಾತ್ರ ಮಗುವಿಗೆ ನ್ಯಾಯ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ.

ಬಿಟ್ಟು ಬಂದವಳು

ಭೇಟಿಯ ಟಿಪ್ಪಣಿಯನ್ನು ಅವತ್ತೇ, ಮನೆ ಸೇರುವ ಮೊದಲೇ ಬರೆದು ಮುಗಿಸಿ. ಕೋರ್ಟಿಗೂ ಒಳ್ಳೆಯದು, ನಿದ್ದೆಗೂ ಒಳ್ಳೆಯದು. ಆ ತಾಯಿಯ ಮಾತನ್ನು ಮಾತ್ರ ಸೂಪರ್‌ವೈಸರ್‌ಗೆ ಹೇಳಿ. "ಇದೆಲ್ಲ ಇದ್ದದ್ದೇ" ಅಂದರೆ ಇನ್ನೊಬ್ಬರಿಗೆ ಹೇಳಿ.

ಮೂರನೇ ಸಾಲು

ಹೊಸ ಬ್ಯಾಗು ಅವರೇ, ಹೆದರಬೇಡಿ. ಮೊದಲ ಎರಡು ಮೂರು ವರ್ಷ ಎಲ್ಲರಿಗೂ ಕಷ್ಟ, ಆಮೇಲೆ ಸಲೀಸು. ಸಮೀಕ್ಷೆಗಳೂ ಅದನ್ನೇ ಹೇಳುತ್ತವೆ: ವಯಸ್ಸು, ಅನುಭವ ಜಾಸ್ತಿ ಇದ್ದವರಲ್ಲಿ ಬರ್ನ್‌ಔಟ್ ಕಡಿಮೆ. ಅಂದರೆ ಅನುಭವವೇ ಮದ್ದು.

ಲೆಕ್ಕದ ಹುಳ

ಆ ಸಮೀಕ್ಷೆಗಳಲ್ಲಿ ಉತ್ತರ ಕೊಡುವವರು ಯಾರು? ಕೆಲಸದಲ್ಲಿ ಉಳಿದವರು. ತಡೆಯಲಾರದೆ ಹೋದವರನ್ನು ಯಾರೂ ಕೇಳಲಿಲ್ಲ. ಹಿರಿಯರು ಚೆನ್ನಾಗಿರುವುದು ಅನುಭವದಿಂದಲೋ, ಚೆನ್ನಾಗಿರುವವರು ಮಾತ್ರ ಹಿರಿಯರಾಗುವುದರಿಂದಲೋ ಒಂದೇ ದಿನದ ಸಮೀಕ್ಷೆಯಿಂದ ಹೇಳಲಾಗದು. ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು.

ಪುಟ ತಿರುವು

ಹಿಂಬಾಲಿಸಿದವರಿದ್ದಾರೆ. ಕ್ಯಾರಿ ಚೆರ್ನಿಸ್ ಎನ್ನುವ ಮನಶ್ಶಾಸ್ತ್ರಜ್ಞ ಇಂಥ ಸೇವಾ ಕೆಲಸಗಳಿಗೆ ಹೊಸದಾಗಿ ಸೇರಿದ ಕೆಲವರನ್ನು ಮೊದಲ ವರ್ಷದಲ್ಲಿ ಮಾತಾಡಿಸಿದ್ದರು. ದಶಕ ಕಳೆದ ಮೇಲೆ ಅವರನ್ನೇ ಹುಡುಕಿ ಮತ್ತೆ ಮಾತಾಡಿಸಿ 1992ರಲ್ಲಿ ಬರೆದರು. ಅವರಿಗೆ ಸಿಕ್ಕಿದ್ದು ಯಾರೂ ಎಣಿಸದ ಉತ್ತರ. ಶುರುವಿನಲ್ಲಿ ಹೆಚ್ಚು ಬರ್ನ್‌ಔಟ್ ಆಗಿದ್ದವರು ವೃತ್ತಿ ಬದಲಿಸಿದ್ದು ಕಡಿಮೆ, ಕೆಲಸದಲ್ಲಿ ಹೊಂದಿಕೊಳ್ಳುವ ಗುಣವೂ ಅವರಲ್ಲಿ ಹೆಚ್ಚಿತ್ತು. ಚಿಕ್ಕ ಗುಂಪು, ಎಲ್ಲರಿಗೂ ಅನ್ವಯಿಸಲಾಗದು. ಆದರೆ ಮೊದಲ ವರ್ಷದ ಕಷ್ಟ ಅಂದರೆ "ನಾನು ಇದಕ್ಕೆ ಲಾಯಕ್ಕಿಲ್ಲ" ಅಂತಲ್ಲ ಎನ್ನುವುದಕ್ಕೆ ಸಾಕು.

ಹೊಸ ಬ್ಯಾಗು

ಇದನ್ನು ಮೂರು ಸಲ ಓದಿದೆ ಸರ್.

ಬಿಟ್ಟು ಬಂದವಳು

ಬಿಟ್ಟು ಹೋದವರನ್ನು ಯಾರೂ ಕೇಳುವುದಿಲ್ಲ ಅಂದಿರಲ್ಲ, ಹೇಳುತ್ತೇನೆ ಕೇಳಿ.

ನಾನು ಬಿಟ್ಟದ್ದು ಗಾಯ ನೋಡಲಾರದೆ ಅಲ್ಲ. ಮೂವರು ಅಣ್ಣ ತಮ್ಮ ತಂಗಿ. ತಾಯಿಯ ಹತ್ತಿರ ಬಿಡುವಂತಿರಲಿಲ್ಲ. ಮೂವರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಸಾಕುಕುಟುಂಬ ಇರಲಿಲ್ಲ. ಒಟ್ಟಿಗೆ ಇರಬೇಕು ಎಂದು ನನ್ನ ರಿಪೋರ್ಟಿನಲ್ಲಿ ನಾನೇ ಬರೆದಿದ್ದೆ. ಬೇರೆ ಬೇರೆ ಕಡೆ ಬಿಟ್ಟು ಬಂದವಳೂ ನಾನೇ. ದೊಡ್ಡವನು ತಂಗಿಗೆ ರಾತ್ರಿ ದೀಪ ಹಾಕಿಡಬೇಕು, ಕತ್ತಲೆಗೆ ಹೆದರುತ್ತಾಳೆ ಎಂದು ಹೇಳಿ ಕಳಿಸಿದ. ಹೇಳಿದೆ. ಹಾಕಿಟ್ಟರೋ ಇಲ್ಲವೋ ಗೊತ್ತಿಲ್ಲ.

ಇದಕ್ಕೆ ಏನಂತ ಹೇಳುತ್ತೀರಿ? ನಾನು ದಣಿದಿರಲಿಲ್ಲ. ಕೆಟ್ಟ ಕನಸೂ ಬೀಳುತ್ತಿರಲಿಲ್ಲ. ಏನು ಮಾಡಬೇಕು ಗೊತ್ತಿದ್ದೂ ಅದರ ಉಲ್ಟಾ ಮಾಡಿ ಸಂಬಳ ತೆಗೆದುಕೊಳ್ಳುತ್ತಿದ್ದೆ, ಅಷ್ಟೇ.

ಪುಟ ತಿರುವು

ಆಮೇಲೆ ಬರೆಯುತ್ತೇನೆ ಅಂದಿದ್ದು ಇದನ್ನೇ. ನೈತಿಕ ಸಂಕಟ. 1984ರಲ್ಲಿ ಆಂಡ್ರ್ಯೂ ಜೇಮಟನ್ ನರ್ಸ್‌ಗಳ ಬಗ್ಗೆ ಬರೆಯುತ್ತಾ ಹೇಳಿದ್ದು: ಸರಿ ಯಾವುದು ಅಂತ ಗೊತ್ತಿದೆ, ಸಂಸ್ಥೆಯ ವ್ಯವಸ್ಥೆ ಅದನ್ನು ಮಾಡಲು ಬಿಡುವುದಿಲ್ಲ. ನಡುಹಗಲು ಅವರ ನಡುವಿನ ವರ್ಷಗಳ ಸಿಟ್ಟು ಇದೇ ಇರಬಹುದು. ಇದಕ್ಕೆ ಕೌನ್ಸೆಲಿಂಗ್ ಕೊಟ್ಟರೆ ಅವಮಾನ ಮಾಡಿದ ಹಾಗೆ. ಸಾಕುಕುಟುಂಬ ಹುಡುಕಿಕೊಡಬೇಕು.

ಮೂರನೇ ಸಾಲು

ಇದನ್ನು ಮಾತ್ರ ಒಪ್ಪುತ್ತೇನೆ. ಗಟ್ಟಿತನದಿಂದ ಇದಕ್ಕೆ ಉಪಯೋಗವಿಲ್ಲ.

ಡೇಟಾ ಎಂಟ್ರಿ ಸಂತ್ರಸ್ತ

ಎಲ್ಲ ಸರಿ, ನಮ್ಮ ಸಾಫ್ಟ್‌ವೇರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಮಗುವಿನ ಜೊತೆ ಇಪ್ಪತ್ತು ನಿಮಿಷ, ಅದನ್ನು ಕಂಪ್ಯೂಟರಿಗೆ ತುಂಬಲು ಎರಡು ಗಂಟೆ. ಅರ್ಧಕ್ಕೆ ಲಾಗ್‌ಔಟ್ ಆಗುತ್ತದೆ. "ಮಗುವಿನ ಅಭಿಪ್ರಾಯ" ಅನ್ನುವ ಜಾಗದಲ್ಲಿ ಹೌದು, ಇಲ್ಲ, ಅನ್ವಯಿಸುವುದಿಲ್ಲ ಎಂದು ಮೂರೇ ಆಯ್ಕೆ.

ಚಿಕ್ಕ ಟಿಪ್ಪಣಿ

ನಮ್ಮದರಲ್ಲಿ ಹುಟ್ಟಿದ ದಿನಾಂಕ ಗೊತ್ತಿಲ್ಲದಿದ್ದರೆ ಮುಂದಕ್ಕೇ ಹೋಗುವುದಿಲ್ಲ. ಹಾಗಾಗಿ ನಮ್ಮ ಕಡೆಯ ಅರ್ಧ ಮಕ್ಕಳು ಜನವರಿ 1ರಂದು ಹುಟ್ಟಿದವರು.

ಡೇಟಾ ಎಂಟ್ರಿ ಸಂತ್ರಸ್ತ

😂 ನಮ್ಮಲ್ಲೂ!

ನಿರ್ವಾಹಕ

ಸಾಫ್ಟ್‌ವೇರ್ ಗೋಳಿಗೆ ಬೇರೆ ಚರ್ಚೆ ಇದೆ, ಅಲ್ಲಿ ಹಾಕಿ. ಮೇಲೆ ಒಬ್ಬರು ಕೇಸಿನ ಗುರುತು ಸಿಗುವಂಥ ವಿವರ ಹಾಕಿದ್ದರು, ತೆಗೆದಿದ್ದೇನೆ. ಎಚ್ಚರ ಇರಲಿ.

ಆ ಕಡೆಯವನು

ನಾನು ಫೈಲಿನ ಒಳಗಿದ್ದ ಮಗು. ಈಗ ದೊಡ್ಡವನು. ಬಹಳ ಹೊತ್ತಿನಿಂದ ಓದುತ್ತಿದ್ದೆ, ಬರೆಯಬೇಕಾ ಬೇಡವಾ ಅಂತ.

ನನ್ನ ಕೇಸು ನೋಡಿಕೊಳ್ಳುವವರು ಬದಲಾಗುತ್ತಲೇ ಇದ್ದರು. ಪ್ರತಿ ಹೊಸಬರಿಗೂ ಮೊದಲಿನಿಂದ ಹೇಳಬೇಕಿತ್ತು. ಒಂದು ಹಂತದಲ್ಲಿ ನಿಲ್ಲಿಸಿದೆ. "ಫೈಲಿನಲ್ಲಿದೆ, ಓದಿಕೊಳ್ಳಿ" ಅಂದೆ. ನನ್ನದು ಸೊಕ್ಕು ಎಂದು ಬರೆದರು, ಆಮೇಲೆ ಫೈಲು ತರಿಸಿ ಓದಿದಾಗ ಗೊತ್ತಾಯಿತು.

ಒಬ್ಬರು ನನ್ನೆದುರು ಅತ್ತುಬಿಟ್ಟರು. ಒಳ್ಳೆಯವರು. ಆದರೆ ನಾನು ಅವರನ್ನು ಸಮಾಧಾನ ಮಾಡಬೇಕಾಯಿತು, ಆಗ ನನಗೆ ಒಂಬತ್ತು ವರ್ಷ. ಅಂದಿನಿಂದ ಯಾರಿಗೂ ಪೂರ್ತಿ ಹೇಳಲಿಲ್ಲ, ಪಾಪ ತಡೆದುಕೊಳ್ಳಲ್ಲ ಅಂತ. ಇನ್ನೊಬ್ಬರ ಮುಖದಲ್ಲಿ ಯಾವ ಭಾವವೂ ಇರುತ್ತಿರಲಿಲ್ಲ. ಆದರೆ ಬರುವ ಮೊದಲು ಫೈಲು ಓದಿಕೊಂಡು ಬರುತ್ತಿದ್ದರು, ನನ್ನ ತಮ್ಮನ ಹೆಸರು ಗೊತ್ತಿತ್ತು, ಮಂಗಳವಾರ ಬರುತ್ತೇನೆ ಅಂದರೆ ಮಂಗಳವಾರವೇ ಬರುತ್ತಿದ್ದರು. ಅವರ ಒಳಗೆ ಏನಿತ್ತೋ ನನಗೆ ಗೊತ್ತಿಲ್ಲ, ಬೇಕಾಗಿಯೂ ಇರಲಿಲ್ಲ.

ನಡುಹಗಲು ಮೇಡಂ, ನೀವು ದಿನಾಂಕ ಸರಿಯಿದೆಯಾ ನೋಡುತ್ತೀರಲ್ಲ, ಅದು ಸಣ್ಣ ವಿಷಯ ಅಲ್ಲ. ನನ್ನ ಫೈಲಿನಲ್ಲಿ ಅರ್ಧ ದಿನಾಂಕ ತಪ್ಪಿದ್ದವು.

ನಡುಹಗಲು

ಬರೆದದ್ದಕ್ಕೆ ಧನ್ಯವಾದ. ಈ ಚರ್ಚೆಯಲ್ಲಿ ನನಗೆ ತುಂಬ ಬೇಕಾಗಿದ್ದ ಉತ್ತರ ಇದು. ಆದರೂ ಒಂದು ಮಾತು. ಆ ಎರಡನೆಯವರಿಗೆ ಹೊರಗೆ ಭಾವ ಕಾಣದಿದ್ದರೂ ಮಂಗಳವಾರ ಬರಬೇಕು ಅನ್ನಿಸುತ್ತಿತ್ತು. ನನಗೆ ಈಗ "ಬರದಿದ್ದರೆ ಏನಾಗುತ್ತದೆ" ಎಂದು ಅನ್ನಿಸತೊಡಗಿದೆ. ಅದಕ್ಕೇ ಹೆದರಿಕೆ.

ಲೆಕ್ಕದ ಹುಳ

ಕೆಲಸಗಾರರು ಬದಲಾಗುವುದರ ಬಗ್ಗೆ ಅಮೆರಿಕದ ಮಿಲ್ವಾಕಿಯ 2005ರ ಒಂದು ಅಧ್ಯಯನವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಒಬ್ಬರೇ ಕೆಲಸಗಾರರಿದ್ದ ಮಕ್ಕಳಲ್ಲಿ ಶೇ 74.5ರಷ್ಟು ಮಕ್ಕಳಿಗೆ ಶಾಶ್ವತ ನೆಲೆ ಸಿಕ್ಕಿತು. ಇಬ್ಬರಾದಾಗ ಅದು ಶೇ 17.5ಕ್ಕೆ ಇಳಿಯಿತು.

ಚಿಕ್ಕ ಟಿಪ್ಪಣಿ

ಅಯ್ಯೋ, ಇಷ್ಟೊಂದು ವ್ಯತ್ಯಾಸವಾ? ಇದನ್ನೇ ಪ್ರಿಂಟ್ ತೆಗೆದು ಮೇಲಿನವರಿಗೆ ಕಳಿಸಬೇಕು.

ಲೆಕ್ಕದ ಹುಳ

ಕಳಿಸುವ ಮೊದಲು ತಡೆಯಿರಿ. ಬೇಗ ಮನೆ ಸೇರಿದ ಮಗುವಿಗೆ ಕೆಲಸಗಾರರು ಬದಲಾಗಲು ಸಮಯವೇ ಇರುವುದಿಲ್ಲ. ಕಷ್ಟದ ಕೇಸಿನ ಮಗು ವರ್ಷಗಟ್ಟಲೆ ಉಳಿಯುತ್ತದೆ, ಹಾಗಾಗಿ ಹೆಚ್ಚು ಜನರನ್ನು ನೋಡುತ್ತದೆ. ಯಾವುದರಿಂದ ಯಾವುದು ಅಂತ ಆ ಅಂಕಿಯೊಂದೇ ಹೇಳುವುದಿಲ್ಲ. ಬದಲಾವಣೆಯಿಂದ ಹಾನಿ ಇದೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ, ಆ ಪ್ರಮಾಣದಲ್ಲಿ ಅನ್ನುವುದರಲ್ಲಿ ಇದೆ.

ಆ ಕಡೆಯವನು

ನನ್ನ ಲೆಕ್ಕದಲ್ಲಿ ಎರಡೂ ನಿಜ. ಉಳಿದೆ, ಅದಕ್ಕೆ ಬದಲಾದರು. ಬದಲಾದರು, ಅದಕ್ಕೆ ಉಳಿದೆ.

ನಿವೃತ್ತ ಜೀವಿ

ನಾನು ಪೂರ್ತಿ ಸೇವೆ ಮುಗಿಸಿದವನು. ಕೆಲಸದಲ್ಲಿದ್ದಾಗ ಒಂದು ದಿನ ನಿದ್ದೆ ಕೆಟ್ಟವನಲ್ಲ, ಮೂರನೇ ಸಾಲು ಅವರ ಹಾಗೆಯೇ ಮಾತಾಡುತ್ತಿದ್ದೆ. ನಿವೃತ್ತಿಯ ಮೇಲೆ ಬಂತು ನೋಡಿ. ಕೈಯಲ್ಲಿ ಫೈಲಿಲ್ಲ, ಫೋನ್ ಹೊಡೆದುಕೊಳ್ಳುವುದಿಲ್ಲ, ಕೂತರೆ ಹಳೆಯ ಮಕ್ಕಳು ಒಬ್ಬೊಬ್ಬರಾಗಿ ನೆನಪಾಗುತ್ತಾರೆ. ಕೇಸು ಮುಚ್ಚಿದ ಮೇಲೆ ಅವರಿಗೆ ಏನಾಯಿತು ಎನ್ನುವುದು ನಮಗೆ ಯಾವತ್ತೂ ತಿಳಿಯುವುದಿಲ್ಲ. ಚೆನ್ನಾಗಿರುವವರು ನಮ್ಮನ್ನು ಹುಡುಕಿ ಬರುವುದಿಲ್ಲ, ಯಾಕೆ ಬರಬೇಕು? ಕೆಟ್ಟದ್ದಾದರೆ ಮಾತ್ರ ಪೊಲೀಸರಿಂದಲೋ ಪತ್ರಿಕೆಯಿಂದಲೋ ಗೊತ್ತಾಗುತ್ತದೆ. ಹೀಗೆ ಒಂದೇ ಕಡೆಯ ಸುದ್ದಿ ಕೇಳಿ ಕೇಳಿ ಇಡೀ ವೃತ್ತಿಯೇ ಸೋಲು ಅನ್ನಿಸಿಬಿಡುತ್ತದೆ.

ವೈದ್ಯರ ಹತ್ತಿರ ಹೋದೆ. ಮಾತ್ರೆ ಮತ್ತು ಮಾತು ಎರಡೂ ಕೊಟ್ಟರು. ಈಗ ವಾಸಿ. ಇದನ್ನು ಇಲ್ಲಿ ಬರೆಯಲು ನಾಚಿಕೆ ಏನೂ ಇಲ್ಲ.

ಮೂರನೇ ಸಾಲು

ಸರ್, ನನ್ನನ್ನು ಉದಾಹರಣೆ ಮಾಡಿದಿರಿ 🙂 ಯೋಚಿಸುತ್ತೇನೆ.

ಕೇಸು ಹಂಚುವವನು

ನಿವೃತ್ತ ಜೀವಿ ಸರ್ ಹೇಳಿದ್ದಕ್ಕೆ ನಮ್ಮಲ್ಲಿ ಒಂದು ಸಣ್ಣ ಕೆಲಸ ಮಾಡುತ್ತೇವೆ. ಕೇಸು ಬೇರೆ ಟೀಮಿಗೆ ಹೋದ ಮೇಲೂ ಮಗು ಶಾಲೆಗೆ ಸೇರಿತು, ಅಜ್ಜಿಯ ಮನೆಗೆ ಹೋಯಿತು, ಇಂಥ ಒಂದು ಸಾಲನ್ನು ಹಳೆಯ ಕೆಲಸಗಾರರಿಗೆ ತಿಳಿಸಬೇಕು. ಗೌಪ್ಯತೆಯ ನಿಯಮದ ಒಳಗೇ, ಅಷ್ಟೇ ವಿವರ. ಖರ್ಚಿಲ್ಲದ ಕೆಲಸ.

ಇನ್ನೊಂದು. ಕೇಸು ಹಂಚುವಾಗ ಎಲ್ಲರೂ ಮಾಡುವ ಅನ್ಯಾಯ: "ಅವಳು ಗಟ್ಟಿ, ಅವಳಿಗೇ ಕೊಡಿ." ಲೈಂಗಿಕ ದೌರ್ಜನ್ಯದ್ದು, ಸಾವಿನದ್ದು ಎಲ್ಲವೂ ಒಬ್ಬಳ ಮೇಜಿಗೆ. ಅವಳು ಬೇಡ ಅನ್ನುವುದಿಲ್ಲ, ಆ ಹೆಸರು ಉಳಿಸಿಕೊಳ್ಳಬೇಕಲ್ಲ. ಕೇಸುಗಳ ಸಂಖ್ಯೆ ಎಣಿಸುತ್ತೇವೆ, ತೂಕ ಯಾರೂ ನೋಡುವುದಿಲ್ಲ.

ನಡುಹಗಲು

ನಮ್ಮಲ್ಲಿ ಸರದಿ ಪ್ರಕಾರ ಹಂಚುತ್ತೇವೆ. ಆದರೆ ಸರದಿಯೂ ಕುರುಡೇ. ಒಂದೇ ತಿಂಗಳಲ್ಲಿ ಎರಡು ಸಾವಿನ ಕೇಸು ಒಬ್ಬರಿಗೇ ಬರಬಹುದು, ಪಟ್ಟಿಯ ಪ್ರಕಾರ ಅದು ನ್ಯಾಯವೇ.

ಡೇಟಾ ಎಂಟ್ರಿ ಸಂತ್ರಸ್ತ

ಪ್ರತಿ ಕೆಟ್ಟ ಕೇಸಿನ ಮೇಲೆ ಇಡೀ ಟೀಮನ್ನು ಕೂರಿಸಿ, ಆದದ್ದನ್ನೆಲ್ಲ ಒಬ್ಬೊಬ್ಬರಾಗಿ ಹೇಳಿಸಬೇಕು. ಡೀಬ್ರೀಫಿಂಗ್. ಕಡ್ಡಾಯ ಮಾಡಬೇಕು.

ಪುಟ ತಿರುವು

ಕಡ್ಡಾಯ ಮಾತ್ರ ಬೇಡ. 1980ರ ದಶಕದಲ್ಲಿ ಅದು ಬಹಳ ಜನಪ್ರಿಯವಾಗಿತ್ತು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2002ರ ಪರಾಮರ್ಶೆ ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಘಟನೆಯಾದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲವನ್ನೂ ಹೇಳಿಸುವುದರಿಂದ ಪಿಟಿಎಸ್‌ಡಿ ತಡೆಯಲಾಗುವುದಿಲ್ಲ ಎಂದಿತು. ಕಡ್ಡಾಯ ಮಾಡುವುದನ್ನು ನಿಲ್ಲಿಸಿ ಎಂದೂ ಹೇಳಿತು. ಆ ಪ್ರಯೋಗಗಳು ಬಹುತೇಕ ಒಬ್ಬೊಬ್ಬರನ್ನೇ ಕೂರಿಸಿ ಮಾಡಿದ್ದು, ಅದೂ ಹೇಳಬೇಕು. ಕೆಲವರಿಗೆ ಮಾತು ಬೇಕು, ಕೆಲವರಿಗೆ ಮನೆಗೆ ಹೋಗಿ ಮಲಗಬೇಕು. ಬಾಗಿಲು ತೆರೆದಿಡಿ, ಎಳೆದು ತರಬೇಡಿ.

ನೆರವಾಗುವುದು ನಿಯಮಿತವಾದ ಸೂಪರ್‌ವಿಷನ್. ಅಂದರೆ "ಗಡುವು ಮುಗಿಯಿತು, ಫಾರಂ ಎಲ್ಲಿ" ಅನ್ನುವುದಲ್ಲ. "ಆ ಮನೆಯಲ್ಲಿ ನಿನಗೆ ಏನನ್ನಿಸಿತು, ಅದರಿಂದ ನಿನ್ನ ತೀರ್ಮಾನ ಬದಲಾಯಿತಾ" ಎಂದು ಕೇಳುವುದು.

ಕೇಸು ಹಂಚುವವನು

ಕೇಳಲು ನನಗೂ ಆಸೆ. ಒಬ್ಬೊಬ್ಬರ ಕೈಯಲ್ಲಿ ಇರಬೇಕಾದ್ದಕ್ಕಿಂತ ದುಪ್ಪಟ್ಟು ಕೇಸು. ಏನನ್ನಿಸಿತು ಎಂದು ಕೇಳಿದರೆ "ಬಿಡಿ ಸರ್, ಫಾರಂ ತುಂಬಬೇಕು" ಅನ್ನುತ್ತಾರೆ.

ಚಿಕ್ಕ ಟಿಪ್ಪಣಿ

ಫಾರಂ ಯಾಕೆ ಇಷ್ಟು ಜಾಸ್ತಿಯಾಯಿತು ಗೊತ್ತಾ? ಹೆದರಿಕೆಯಿಂದ. ಲಂಡನ್‌ನಲ್ಲಿ 2007ರಲ್ಲಿ ಒಂದು ಪುಟ್ಟ ಮಗು ಮನೆಯವರ ಹಿಂಸೆಯಿಂದ ಸತ್ತಾಗ ಏನಾಯಿತು ನೋಡಿ. ಸಚಿವರು 2008ರ ಡಿಸೆಂಬರಿನಲ್ಲಿ ಪತ್ರಿಕಾಗೋಷ್ಠಿಯಲ್ಲೇ ಅಲ್ಲಿನ ಮಕ್ಕಳ ಸೇವೆಯ ಮುಖ್ಯಸ್ಥೆಯನ್ನು ತೆಗೆಯುವಂತೆ ಘೋಷಿಸಿದರು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಮಾಡಿದ ರೀತಿ ನ್ಯಾಯಯುತವಲ್ಲ ಎಂದಿತು. ಅಷ್ಟರಲ್ಲಿ ಇಡೀ ಇಂಗ್ಲೆಂಡಿನಲ್ಲಿ ಮಕ್ಕಳನ್ನು ಮನೆಯಿಂದ ತೆಗೆಯಲು ಕೋರ್ಟಿಗೆ ಬರುವ ಅರ್ಜಿಗಳು ಏರಿಬಿಟ್ಟಿದ್ದವು. ಯಾರಿಗೂ ಮುಂದಿನ ಸುದ್ದಿಯಾಗುವುದು ಬೇಕಿರಲಿಲ್ಲ.

ಸುಮ್ನೆ ಓದುಗ

ಆದರೆ ಮಗು ಸತ್ತರೆ ಯಾರಾದರೂ ಹೊಣೆ ಹೊರಬೇಕಲ್ವಾ? ಸೂಚನೆಗಳು ಇದ್ದೇ ಇರುತ್ತವೆ, ಆಮೇಲೆ ಓದಿದರೆ ಎಷ್ಟು ಸ್ಪಷ್ಟವಾಗಿ ಕಾಣುತ್ತವೆ.

ಲೆಕ್ಕದ ಹುಳ

"ಆಮೇಲೆ ಓದಿದರೆ", ಅಲ್ಲೇ ಇರುವುದು. ಫಲಿತಾಂಶ ಗೊತ್ತಾದ ಮೇಲೆ ಅದು ಮೊದಲೇ ಗೊತ್ತಾಗಬೇಕಿತ್ತು ಅಂತ ಎಲ್ಲರಿಗೂ ಅನ್ನಿಸುತ್ತದೆ. ಬರೂಕ್ ಫಿಶ್ಹಾಫ್ 1975ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಅದೇ ಸೂಚನೆಗಳು ಇದ್ದೂ ಏನೂ ಆಗದ ನೂರಾರು ಫೈಲುಗಳನ್ನು ಯಾರೂ ತೆರೆದು ಓದುವುದಿಲ್ಲ. ಹೊಣೆ ಬೇಡ ಎನ್ನುತ್ತಿಲ್ಲ. ಇಂಗ್ಲೆಂಡಿನ ಮಕ್ಕಳ ರಕ್ಷಣೆ ಬಗ್ಗೆ 2011ರಲ್ಲಿ ವರದಿ ಕೊಟ್ಟ ಐಲೀನ್ ಮುನ್ರೋ ಹೇಳಿದ್ದೂ ಇದೇ ಧಾಟಿಯಲ್ಲಿ: ನಿಯಮ ಪಾಲಿಸಿದರಾ ಎಂದು ನೋಡುವ ವ್ಯವಸ್ಥೆ ಬೆಳೆದುಬಿಟ್ಟಿದೆ, ಮಗುವಿಗೆ ಒಳ್ಳೆಯದಾಯಿತಾ ಎಂದು ನೋಡುವುದು ಹಿಂದೆ ಬಿದ್ದಿದೆ.

ಎರಡು ಮಕ್ಕಳ ತಾಯಿ

ತೆಗೆದರೆ "ಮಕ್ಕಳ ಕಳ್ಳರು", ಬಿಟ್ಟರೆ "ಕೊಲೆಗಡುಕರು". ಎರಡನ್ನೂ ಒಂದೇ ವಾರದಲ್ಲಿ ಕೇಳಿದ್ದೇನೆ.

ನಡುಹಗಲು

ಎಲ್ಲರ ಉತ್ತರ ಓದಿದೆ. ಹೊರಗಿನ ಒಬ್ಬ ಮನೋವೈದ್ಯರ ಸಮಯ ತೆಗೆದುಕೊಂಡಿದ್ದೇನೆ, ಆಫೀಸಿನ ಕೌನ್ಸೆಲರ್ ಬೇಡ ಅನ್ನಿಸಿತು. ಅಲ್ಲಿ ಹೇಳಿದ್ದು ಯಾರ ಕಿವಿಗೆ ಹೋಗುತ್ತದೋ. ಈಗಿನ ತೊಡಕು ಬೇರೆ. ನಾನು ರಜೆ ಹಾಕಿದರೆ ನನ್ನ ಟೀಮಿನ ಕೇಸುಗಳು ಪಕ್ಕದ ಸೂಪರ್‌ವೈಸರ್ ತಲೆಗೆ. ಅವರು ನನಗಿಂತ ಕೆಟ್ಟ ಸ್ಥಿತಿಯಲ್ಲಿದ್ದಾರೆ.

ಮನೆಯ ಇನ್ನರ್ಧ

ಅವರೂ ಹೀಗೇ ಯೋಚಿಸಿ ರಜೆ ಹಾಕದೆ ಕೂತಿರುತ್ತಾರೆ ಮೇಡಂ.

ಕೇಸು ಹಂಚುವವನು

ನಾನು ಒಂದು ದಾರಿ ಹಿಡಿದಿದ್ದೇನೆ. ಕೈಮೀರಿದ ಕೇಸುಗಳನ್ನು ಯಾರದೋ ತಲೆಗೆ ಕಟ್ಟುವುದಿಲ್ಲ. "ಇಷ್ಟು ಕೇಸುಗಳಿಗೆ ಜನ ಇಲ್ಲ, ಇಷ್ಟು ಮಕ್ಕಳ ಮನೆ ಭೇಟಿ ಈ ವಾರ ಆಗುವುದಿಲ್ಲ" ಎಂದು ಪ್ರತಿ ವಾರ ಮೇಲಿನವರಿಗೆ ಲಿಖಿತವಾಗಿ ಕಳಿಸುತ್ತೇನೆ. ತೀರ್ಮಾನ ಅವರೇ ಮಾಡಲಿ.

ಡೇಟಾ ಎಂಟ್ರಿ ಸಂತ್ರಸ್ತ

ನಮ್ಮಲ್ಲಿ ಹಾಗೆ ಬರೆದವರಿಗೆ ನೋಟಿಸ್ ಬಂತು. ಸಮಯ ನಿರ್ವಹಣೆ ಬರುವುದಿಲ್ಲವಂತೆ. ಎರಡು ದಿನದ ತರಬೇತಿಗೆ ಕಳಿಸಿದರು. ಆ ಎರಡು ದಿನದ ಕೆಲಸವೂ ಬಾಕಿ ಬಿತ್ತು.

ಕೇಸು ಹಂಚುವವನು

ನೋಟಿಸ್ ಬಂದರೂ ಬರೆದದ್ದು ಉಳಿಯುತ್ತದೆ. ನಾಳೆ ತನಿಖೆ ಬಂದರೆ ಕಾಪಾಡುವುದು ಅದೇ.

ಬಿಟ್ಟು ಬಂದವಳು

ಒಬ್ಬರೇ ಸಹಿ ಹಾಕಬೇಡಿ, ಅಲ್ಲೇ ಸಿಕ್ಕಿಬೀಳುವುದು. ಇಡೀ ಟೀಮು ಹಾಕಲಿ, ಪಕ್ಕದ ಸೂಪರ್‌ವೈಸರ್ ಕೂಡ. ಎಲ್ಲರನ್ನೂ ತರಬೇತಿಗೆ ಕಳಿಸಲು ಆಗುವುದಿಲ್ಲ.

ನಡುಹಗಲು

ಆ ಪತ್ರದ ನಮೂನೆ ಇದ್ದರೆ ಇಲ್ಲಿ ಹಾಕುತ್ತೀರಾ ಸರ್?

ಕೇಸು ಹಂಚುವವನು

ಹೆಸರು, ಕೇಸ್ ನಂಬರ್ ಎಲ್ಲ ತೆಗೆದು ನಾಳೆ ಸಂಜೆ ಹಾಕುತ್ತೇನೆ. ನಿರ್ವಾಹಕರೇ, ಅಟ್ಯಾಚ್‌ಮೆಂಟ್ ಹಾಕಬಹುದಾ ಇಲ್ಲಿ?

ನಿರ್ವಾಹಕ

ಪಿಡಿಎಫ್ ಆದರೆ ಹಾಕಬಹುದು.